ಮಂತ್ರಿಗಳ ಬದಲಿ

ಅವನು ಆರೋಗ್ಯ ಮಂತ್ರಿಯಾಗಿದ್ದಾನೆ, ಹಣಕಾಸು ಮಂತ್ರಿಯಾಗಿದ್ದಾನೆ, ವಿರೋಧ ಪಕ್ಷದ ನಾಯಕನಾಗಿ ಮೇಜು ಗುದ್ದಿದ್ದಾನೆ, ಒಮ್ಮೆ ಯಾವುದೋ ದೇಶದ ರಾಯಭಾರಿಯೂ ಆಗಿದ್ದಾನೆ. ಎಲ್ಲವೂ ಮಧ್ಯಾಹ್ನದ ಹೊತ್ತು, ಟೀವಿ ಕೇಂದ್ರದ ಹಿಂದಿನ ಸ್ಟುಡಿಯೋದಲ್ಲಿ, ಕ್ಯಾಮೆರಾ ಆಫ್ ಆಗಿದ್ದಾಗ. ಸಂಜೆ ನಿಜವಾದ ಮಂತ್ರಿ ಬರುವ ಮೊದಲು ಅವರ ಕುರ್ಚಿಯಲ್ಲಿ ಕೂತು, ಅವರು ಹೇಳಬಹುದಾದ ಸುಳ್ಳುಗಳನ್ನೆಲ್ಲ ಮುಂಚೆಯೇ ಹೇಳಿ ತೋರಿಸುವುದು ಅವನ ಕೆಲಸ. ಸಂದರ್ಶನ ಮಾಡುವವಳಿಗೆ ಅದು ತಾಲೀಮು. ಕೇಂದ್ರದಲ್ಲಿ ಎಲ್ಲರೂ ಅವನನ್ನು ಬದಲಿ ಎಂದೇ ಕರೆಯುತ್ತಿದ್ದರು. ಸಂಬಳದ ದಿನ ಬಿಟ್ಟರೆ ಅವನ ನಿಜವಾದ ಹೆಸರು ಯಾರಿಗೂ ಬೇಕಾಗುತ್ತಿರಲಿಲ್ಲ.

ಸಂದರ್ಶನ ಮಾಡುವವಳು ಊರಿಗೆಲ್ಲ ಅಕ್ಕ. ಅವಳೆದುರು ಕೂತು ಬೆವರದ ಮಂತ್ರಿ ಇನ್ನೂ ಹುಟ್ಟಿರಲಿಲ್ಲ. ಇವಳು ಇಷ್ಟು ದೊಡ್ಡವಳಾಗಿದ್ದು ಹೇಗೆ ಎಂದು ಜನ ಆಗಾಗ ಚರ್ಚೆಗೆ ಕೂರುತ್ತಿದ್ದರು. ಧೈರ್ಯ ಎನ್ನುವವರು ಕೆಲವರು, ಓದು ಎನ್ನುವವರು ಕೆಲವರು, ಆ ಕಂಠ ಕೇಳಿದ್ದೀರಾ ಎಂದು ಕಣ್ಣು ಮುಚ್ಚುವವರು ಇನ್ನು ಕೆಲವರು. ಕಾಲೇಜುಗಳಲ್ಲಿ ಇದರ ಮೇಲೆ ಭಾಷಣಗಳೂ ಆಗುತ್ತಿದ್ದವು. ಅವರಲ್ಲಿ ಯಾರೂ ಒಂದು ಮಧ್ಯಾಹ್ನ ಬಂದು ಆ ಸ್ಟುಡಿಯೋದಲ್ಲಿ ಕೂತವರಲ್ಲ. ಕೂತಿದ್ದರೆ ಅಷ್ಟು ಹೊಗಳುತ್ತಿರಲಿಲ್ಲ.

ಸ್ಟುಡಿಯೋದಲ್ಲಿ ಅಕ್ಕನ ಕುರ್ಚಿ ಅಲುಗಾಡದ್ದು, ಅತಿಥಿಯ ಕುರ್ಚಿ ತಿರುಗುವಂಥದ್ದು. ಅದು ಅವಳದೇ ಏರ್ಪಾಡು. ಸುಳ್ಳು ಹೇಳುವವನು ಮುಖವನ್ನು ಎಷ್ಟೇ ಗಟ್ಟಿ ಹಿಡಿದರೂ ಅವನ ಸೊಂಟ ಸುಮ್ಮನಿರುವುದಿಲ್ಲ; ಕುರ್ಚಿ ಕಿರ್ ಎಂದು ಅತ್ತಿತ್ತ ಹೊರಳಿ ಎಲ್ಲ ಹೇಳಿಬಿಡುತ್ತದೆ. ನೀರಿನ ಲೋಟವನ್ನು ಅವಳು ಅತಿಥಿಯ ಕೈಗೆ ಸ್ವಲ್ಪದರಲ್ಲಿ ಎಟುಕದಂತೆ ಇಡಿಸುತ್ತಿದ್ದಳು. ಗಂಟಲೊಣಗಿದವನು ಬಗ್ಗಬೇಕು, ಬಗ್ಗಿ ಸಣ್ಣವನಾಗಿ ಕಾಣಬೇಕು. ಅವಳ ದನಿ ಯಾವತ್ತೂ ಏರುತ್ತಿರಲಿಲ್ಲ. ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆಗೆ ಹೋಗದೆ ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನೆ ಕೂರುತ್ತಿದ್ದಳು. ಆ ಮೌನ ತಡೆಯಲಾರದೆ ಮಂತ್ರಿಗಳು ಇನ್ನೊಂದು ಮಾತು ಸೇರಿಸುತ್ತಿದ್ದರು, ಮಾರನೇ ದಿನ ಪತ್ರಿಕೆಯ ತಲೆಬರಹವಾಗುತ್ತಿದ್ದುದು ಆ ಸೇರಿಸಿದ ಮಾತೇ. ಒಬ್ಬ ಮಂತ್ರಿಯಂತೂ ಚಡಪಡಿಸಿ, “ಯಾಕೆ ಹೀಗೆ ನೋಡ್ತೀರಾ ನನ್ನನ್ನ?” ಎಂದು ಕೇಳಿಬಿಟ್ಟ.

“ಇಲ್ಲಿ ಪ್ರಶ್ನೆ ಕೇಳೋದು ನಾನು” ಎಂದಳು ಅಕ್ಕ.

ಆ ಮಾತು ಊರೆಲ್ಲ ಹಬ್ಬಿತು. ಬೀದಿಯಲ್ಲಿ ಆಡುವ ಮಕ್ಕಳು ಕೂಡ ಸೊಂಟಕ್ಕೆ ಕೈ ಇಟ್ಟು ಅದನ್ನೇ ಹೇಳುತ್ತಿದ್ದವು.

ಬದಲಿ ಮೊದಲು ಅಲ್ಲಿ ವೈರು ಸುತ್ತುವವನು. ಒಂದು ದಿನ ಲೈಟು ಸರಿಮಾಡಲು ಯಾರಾದರೂ ಅತಿಥಿಯ ಜಾಗದಲ್ಲಿ ಕೂರಬೇಕಾಗಿತ್ತು, ಇವನನ್ನು ಕೂರಿಸಿದರು. ಅಕ್ಕ ಹೊತ್ತು ಕಳೆಯಲು, “ರಸ್ತೆಗಳು ಯಾಕೆ ಹೀಗಿವೆ ಮಂತ್ರಿಗಳೇ?” ಎಂದಳು. “ರಸ್ತೆ ಚೆನ್ನಾಗೇ ಇದೆ, ಜನ ಬಗ್ಗಿ ನೋಡೋದು ಜಾಸ್ತಿಯಾಗಿದೆ” ಎಂದ ಇವನು, ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲದೆ. ಅವತ್ತಿನಿಂದ ವೈರು ಹೋಗಿ ಬೂದು ಬಣ್ಣದ ಒಂದು ಕೋಟು ಬಂತು. ಕೋಟಿನ ಜೊತೆಗೆ ಕೊಂಬೂ ಬಂತು. ಬೀದಿಯವರು ತಮಾಷೆಗೆ “ಮಂತ್ರಿಗಳೇ, ನಮಸ್ಕಾರ” ಎಂದರೆ ಇವನು ತಮಾಷೆ ಇಲ್ಲದೆ ಕೈ ಎತ್ತುತ್ತಿದ್ದ. ಹೆಂಡತಿ ಮಾತ್ರ ಬಗ್ಗುತ್ತಿರಲಿಲ್ಲ. “ಮಂತ್ರಿಗಳಿಗೆ ಪುರುಸೊತ್ತಿದ್ರೆ ಈ ಕಸ ಹಾಕಿ ಬರ್ತಾರಾ?” ಎಂದು ಬುಟ್ಟಿ ಕೈಗೆ ಕೊಡುತ್ತಿದ್ದಳು. ಅವನಿಗೆ ಒಳಗೊಳಗೇ ಉರಿಯುತ್ತಿತ್ತು. ಕೇಂದ್ರದಲ್ಲಿ ಅವನ ಹೆಮ್ಮೆಯೆಲ್ಲ ಒಂದೇ ವಿಷಯದ ಮೇಲೆ ನಿಂತಿತ್ತು: ಅಕ್ಕನ ಮೌನಕ್ಕೆ ನಿಜವಾದ ಮಂತ್ರಿಗಳೇ ಬಾಯಿಬಿಟ್ಟಿದ್ದಾರೆ, ಇವನು ಒಮ್ಮೆಯೂ ಬಿಟ್ಟಿಲ್ಲ. ಕುರ್ಚಿಯ ಕಾಲಿಗೆ ಪಾದ ಸಿಕ್ಕಿಸಿ ತಿರುಗದಂತೆ ಹಿಡಿದುಕೊಂಡು, ಅವಳು ನೋಡಿದಷ್ಟು ಹೊತ್ತೂ ನೋಡುತ್ತಿದ್ದ.

ಇನ್ನು ಅವನ ಸುಳ್ಳಿನ ವಿಷಯ. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಚ್ಚಿಟ್ಟು ಕೊನೆಗೆ ತೆಗೆದು ತೋರಿಸಲು ಇದೇನು ಜಾದೂ ಅಲ್ಲ.

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಮಧ್ಯಾಹ್ನ ಹೆಂಡತಿ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದಳು. ಮನೆ ಇದ್ದದ್ದು ಕೇಂದ್ರದ ಹಿಂದಿನ ಬೀದಿಯಲ್ಲೇ. ಮಗಳು ಅಂಗಡಿಗೆ ಓಡಿ ಕೇಂದ್ರಕ್ಕೆ ಫೋನ್ ಮಾಡಿದಳು, ಗೇಟಿನಲ್ಲಿ ಕೂರುತ್ತಿದ್ದ ಅಜ್ಜ ಎತ್ತಿಕೊಂಡ. ಆ ಅಜ್ಜ ಬೇರೆಯವರನ್ನು ಕಳಿಸದೆ ತಾನೇ ಏದುಸಿರು ಬಿಡುತ್ತಾ ಸ್ಟುಡಿಯೋಗೆ ಬಂದು, ಬದಲಿಯ ಕಿವಿಯ ಹತ್ತಿರ ಬಗ್ಗಿ ವಿಷಯ ಹೇಳಿದ. ಆಗ ಬದಲಿ ಆರೋಗ್ಯ ಮಂತ್ರಿ. ಆಂಬುಲೆನ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬುದು ಪ್ರಶ್ನೆ. ಅವನ ಉತ್ತರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬರುತ್ತಿತ್ತು, ಎದುರಿಗೆ ಅಕ್ಕ ಮೊದಲ ಸಲ ನಗುತ್ತಿದ್ದಳು. “ಆಯ್ತು, ಹೋಗು” ಎಂದು ಅವನು ಅಜ್ಜನಿಗೆ ತಲೆಯಾಡಿಸಿದ. ಹೆಂಗಸರ ಎದೆನೋವು, ಗ್ಯಾಸು ಇರಬೇಕು, ಇದೊಂದು ಉತ್ತರ ಮುಗಿಸಿ ಹೋದರಾಯಿತು ಎಂದುಕೊಂಡ. ಆ ಉತ್ತರ ಮುಗಿಯುವಷ್ಟರಲ್ಲಿ ಅಕ್ಕ ಇನ್ನೊಂದು ಪ್ರಶ್ನೆ ಕೇಳಿದಳು, ಅದರ ಹಿಂದೆ ಮತ್ತೊಂದು. ಕೇಂದ್ರದ ಕಾರುಗಳು ಗೇಟಿನ ಬಳಿ ನೆರಳಲ್ಲಿ ಸುಮ್ಮನೆ ನಿಂತಿದ್ದವು.

ಕೋಟು ಬಿಚ್ಚುವುದನ್ನೂ ಮರೆತು ಅವನು ಆಸ್ಪತ್ರೆ ಮುಟ್ಟಿದಾಗ ಅವಳ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಬೀದಿಯವರು ಅವಳನ್ನು ತರಕಾರಿ ಗಾಡಿಯಲ್ಲಿ ಮಲಗಿಸಿ ತಳ್ಳಿಕೊಂಡು ತಂದಿದ್ದರಂತೆ. “ಇನ್ನೊಂಚೂರು ಬೇಗ ಬಂದಿದ್ರೆ…” ಎಂದು ವೈದ್ಯರು ಅರ್ಧ ಹೇಳಿ ಹೊರಟುಹೋದರು.

“ಅಪ್ಪ, ನಾನು ಫೋನ್ ಮಾಡಿದ್ದೆ” ಎಂದಳು ಮಗಳು.

ಅವನ ನಾಲಿಗೆ ಅವನನ್ನು ಕೇಳಲೂ ಇಲ್ಲ. “ನನಗೆ ವಿಷಯ ತಲುಪಲೇ ಇಲ್ಲ ಮಗಳೇ” ಎಂದಿತು. ಎಷ್ಟೋ ಮಂತ್ರಿಗಳ ಪರವಾಗಿ ಹೇಳಿ ಹೇಳಿ ನುಣುಪಾಗಿದ್ದ ವಾಕ್ಯ. ಮಗಳು ನಂಬಿದಳು. ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಅವಳ ಮೂಗು ಒರೆಸಿ, ಎದೆಗೆ ಒರಗಿಸಿಕೊಂಡ.

ಹೇಳಿದ ಮೇಲೆ ಆ ಸುಳ್ಳಿಗೆ ಆಸರೆ ಬೇಕಲ್ಲ. ಮುಂದಿನ ವಾರ ಅವನೇ ಆಫೀಸಿಗೆ ಹೋಗಿ, ಗೇಟಿನವನು ಫೋನ್ ಬಂದಿದ್ದನ್ನು ಹೇಳದೆ ನನ್ನ ಸಂಸಾರ ಹಾಳು ಮಾಡಿದ ಎಂದು ದೂರು ಕೊಟ್ಟ. ಅಜ್ಜನ ಕೆಲಸ ಹೋಯಿತು. ಹೋಗುವ ಮುನ್ನ ಆ ಮುದುಕ ಇವನ ಹತ್ತಿರ ಬಂದು, “ನಿಮ್ಮ ಕಿವೀಲೇ ಹೇಳಿದ್ನಲ್ಲಪ್ಪಾ” ಎಂದ. ಬದಲಿ ಅಕ್ಕನ ಹತ್ತಿರ ಕಲಿತಿದ್ದಂತೆ ಸುಮ್ಮನೆ ನೋಡುತ್ತಾ ಕೂತ. ಮುದುಕನಿಗೇ ಮುಜುಗರವಾಗಿ, ಎಲ್ಲಿ ತಪ್ಪು ಮಾಡಿದೆನೋ ಎಂಬಂತೆ ತಲೆ ಕೆರೆದುಕೊಂಡು ಹೊರಟುಹೋದ.

ಇಷ್ಟಾದರೂ ಮಗಳನ್ನು ಅವನು ಚೆನ್ನಾಗಿಯೇ ಸಾಕಿದ, ಅದನ್ನು ಇಲ್ಲ ಎನ್ನುವಂತಿಲ್ಲ. ಅಡುಗೆ ಕಲಿತ, ಜಡೆ ಹಾಕುವುದು ಕಲಿತ, ಅವಳಿಗೆ ಜ್ವರ ಬಂದರೆ ಹಾಸಿಗೆಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಮಲಗುವಾಗ ಅವಳಿಗೆ ಕಥೆ ಬೇಕು. ಇವನಿಗೆ ಬರುತ್ತಿದ್ದುದು ಅಕ್ಕನ ಕಥೆಗಳೇ: ಯಾವ ಮಂತ್ರಿ ಹೇಗೆ ಸಿಕ್ಕಿಬಿದ್ದ, ಯಾರಿಗೆ ಅಕ್ಕ ಹೇಗೆ ನೀರು ಕುಡಿಸಿದಳು. “ಆಮೇಲೆ?” ಎನ್ನುತ್ತಿದ್ದಳು ಮಗಳು. ಅವನು ಹೇಳುತ್ತಿದ್ದ. ಮತ್ತೆ “ಆಮೇಲೆ?” ಕಥೆ ಮುಗಿದರೂ ಅವಳ ಆಮೇಲೆ ಮುಗಿಯುತ್ತಿರಲಿಲ್ಲ. ಅವಳ ಕಣ್ಣಿಗೆ ಅವನು ಒಳ್ಳೆಯ ಅಪ್ಪ. ಜಗತ್ತಿನಲ್ಲಿ ಅವನಿಗೆ ಸ್ವಂತದ್ದು ಎಂದು ಇದ್ದದ್ದು ಅದೊಂದೇ, ಅದು ನಿಂತಿದ್ದು ಆ ಒಂದು ವಾಕ್ಯದ ಮೇಲೆ.

ಮಗಳು ದೊಡ್ಡವಳಾಗಿ ಅದೇ ಕೇಂದ್ರದಲ್ಲಿ ಹವಾಮಾನ ಓದುವ ಕೆಲಸಕ್ಕೆ ಸೇರಿದಳು. ನಾಳೆ ಮೋಡ, ನಾಡಿದ್ದು ಬಿಸಿಲು. ಅಷ್ಟರಲ್ಲಿ ಅಕ್ಕನಿಗೆ ವಯಸ್ಸಾಯಿತು, ತನ್ನ ಕುರ್ಚಿಗೆ ಯಾರನ್ನಾದರೂ ಆರಿಸುತ್ತೇನೆ ಎಂದಳು. ಕೊನೆಗೆ ಉಳಿದವರು ಇಬ್ಬರು: ದೊಡ್ಡ ಕಾಲೇಜಿನಲ್ಲಿ ಓದಿ ಬಂದ ಒಬ್ಬ ತರುಣ, ಇನ್ನೊಬ್ಬಳು ಹವಾಮಾನದವಳು. ಪರೀಕ್ಷೆ ಸರಳ. ಇಬ್ಬರೂ ಬದಲಿಯನ್ನು ಸಂದರ್ಶನ ಮಾಡಬೇಕು. ಅವನ ಬಾಯಿಬಿಡಿಸಿದವರಿಗೆ ಕುರ್ಚಿ.

“ನಿಮ್ಮ ಮಗಳು ಅಂತ ಬಿಟ್ಟುಕೊಡಬೇಡಿ. ನನಗೆ ಗೊತ್ತಾಗುತ್ತೆ” ಎಂದಳು ಅಕ್ಕ.

“ಛೇ ಛೇ, ಎಲ್ಲಾದ್ರೂ ಉಂಟಾ ಅಕ್ಕ” ಎಂದ ಬದಲಿ, ಬಿಟ್ಟುಕೊಡುವುದು ಹೇಗೆಂದು ಆಗಲೇ ಲೆಕ್ಕ ಹಾಕುತ್ತಾ.

ವಿಷಯವನ್ನು ಅಕ್ಕನೇ ಆರಿಸಿದ್ದಳು. ಬದಲಿ ನೀರು ಸರಬರಾಜಿನ ಮಂತ್ರಿ. ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಮಕ್ಕಳು ಸತ್ತಿದ್ದಾರೆ. ಪೈಪು ಒಡೆದಿದೆ ಎಂಬ ವರದಿ ನನಗೆ ತಲುಪಲೇ ಇಲ್ಲ ಎಂಬುದು ಮಂತ್ರಿಯ ವಾದ. ತಲುಪಿಸಬೇಕಿದ್ದ ಅಧಿಕಾರಿಯನ್ನು ಕೆಲಸದಿಂದ ತೆಗೆದಾಗಿದೆ. ಇದನ್ನು ಕೇಳಿದಾಗಲಾದರೂ ಇವನ ಎದೆ ಧಸಕ್ ಎನ್ನಬೇಕಿತ್ತು. ಎನ್ನಲಿಲ್ಲ. “ಈ ಉತ್ತರ ನಾನು ನಿದ್ದೆಗಣ್ಣಲ್ಲೂ ಹೇಳ್ತೀನಿ” ಎಂದು ಮಗಳ ಮುಂದೆ ಕೊಚ್ಚಿಕೊಂಡ. ಅಷ್ಟು ವರ್ಷ ಬೇರೆಯವರ ಸುಳ್ಳು ಹೇಳಿದವನಿಗೆ ತನ್ನದು ಯಾವುದು ಎಂಬ ಗುರುತೇ ಹತ್ತಲಿಲ್ಲ.

ಅಡುಗೆಮನೆಯಲ್ಲಿ ಪಾಠ ಶುರುವಾಯಿತು. ಅವನು ಊಟಕ್ಕೆ ಕೂತು ಹೇಳುವುದು, ಮಗಳು ಪಾತ್ರೆ ತೊಳೆಯುತ್ತಾ ಕೇಳುವುದು.

“ಮಂತ್ರಿಯ ಭಾಷಣ ಗೀಷಣ ಓದ್ಕೊಂಡು ಕೂರಬೇಡ. ಅಕ್ಕ ಓದಲ್ಲ. ಅವನು ಯಾರನ್ನ ಕೆಲಸದಿಂದ ತೆಗೆಸಿದ್ದಾನೆ, ಅದನ್ನ ನೋಡು. ಡ್ರೈವರೋ, ಅಡುಗೆಯವನೋ, ಯಾರೋ ಒಬ್ಬ ಇದ್ದೇ ಇರ್ತಾನೆ. ಅಕ್ಕ ಮೊದಲು ಹುಡುಕ್ಕೊಂಡು ಹೋಗೋದು ಅವನ ಮನೆಗೇ.”

“ಆಮೇಲೆ?”

“ಆಮೇಲೆ ಕೂಗಾಡಬಾರದು. ಕೂಗಾಡಿದ್ರೆ ಅವನಿಗೆ ಬಲ ಬರುತ್ತೆ. ಎಂಥವನಿಗೂ ಒಂದು ಮೆತ್ತನೆ ಜಾಗ ಇರುತ್ತೆ ಮಗಳೇ. ಅಲ್ಲಿ ಗುದ್ದಬಾರದು, ಸವರಬೇಕು. ಅವನೇ ಬಾಯಿ ಬಿಡ್ತಾನೆ.”

“ನಿಂದು ಯಾವ ಜಾಗ ಅಪ್ಪ?”

“ನಂದಾ? ನನ್ನನ್ನ ಅಕ್ಕನ ಕೈಲೇ ಆಗಿಲ್ಲ” ಎಂದು ನಕ್ಕು ಬೆರಳು ನೆಕ್ಕಿದ. ಆಮೇಲೆ ಗುಟ್ಟಾಗಿ ತನ್ನ ಉಪಾಯ ಹೇಳಿದ. ಕೆಲಸದಿಂದ ತೆಗೆದ ಅಧಿಕಾರಿಯ ವಿಷಯ ಅವಳು ಎತ್ತಿದ ಕೂಡಲೇ ಇವನು ಲೋಟಕ್ಕೆ ಕೈ ಚಾಚುತ್ತಾನೆ, ಕೈ ನಡುಗಿ ನೀರು ಚೆಲ್ಲುತ್ತದೆ, ವರದಿ ಬಂದಿತ್ತು ಎಂದು ಮಂತ್ರಿ ಒಪ್ಪಿಕೊಳ್ಳುತ್ತಾನೆ. ಅಕ್ಕನಿಗೆ ಅನುಮಾನ ಬರದ ಹಾಗೆ ಕಣ್ಣಲ್ಲಿ ನೀರನ್ನೂ ತರುತ್ತಾನೆ.

“ಮೋಸ ಅಲ್ವಾ ಅಪ್ಪ ಅದು?”

“ಅಪ್ಪ ಮಗಳ ಮಧ್ಯೆ ಎಂಥ ಮೋಸ?”

ಪರೀಕ್ಷೆಗೆ ಇನ್ನೇನು ಕೆಲವು ದಿನ ಇದೆ ಎನ್ನುವಾಗ ಮಗಳು ಒಂದು ಸಂಜೆ ಚಪ್ಪಲಿ ತುಂಬ ಧೂಳು ಮಾಡಿಕೊಂಡು ಬಂದಳು. ಎಲ್ಲಿಗೆ ಹೋಗಿದ್ದೆ ಎಂದರೆ, ಗೆಳತಿಯ ಮನೆಗೆ ಎಂದಳು. ಊಟ ಬೇಡ ಎಂದಳು. ಪರೀಕ್ಷೆಯ ಭಯ ಎಂದುಕೊಂಡು ಇವನು ಅವಳ ತಟ್ಟೆಯನ್ನು ಮುಚ್ಚಿಟ್ಟು ಪಾಠ ಮುಂದುವರಿಸಿದ. ಅವತ್ತಿನಿಂದ ಅವಳು “ಆಮೇಲೆ?” ಎಂದು ಕೇಳುವುದು ನಿಂತಿತು. ಸುಳ್ಳುಗಾರನ ಸೊಂಟದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವನು ಇದನ್ನು ಗಮನಿಸಲಿಲ್ಲ.

ಪರೀಕ್ಷೆಯ ದಿನ ಕೇಂದ್ರದ ಅರ್ಧ ಜನ ಸ್ಟುಡಿಯೋದಲ್ಲಿ ಸೇರಿದ್ದರು. ಅಕ್ಕ ಕ್ಯಾಮೆರಾಗಳ ಹಿಂದೆ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು. ಮೊದಲು ಕಾಲೇಜಿನ ತರುಣ. ಪಾಪ, ಬಂದವನೇ ಮೇಜು ಗುದ್ದಿದ. “ಈ ಮಕ್ಕಳ ಸಾವಿಗೆ ನೀವೇ ಹೊಣೆ ಅಲ್ವಾ? ಹೌದೋ ಅಲ್ವೋ ಹೇಳಿ!”

ಬದಲಿ ತಲೆ ತಗ್ಗಿಸಿ, ದನಿಯನ್ನು ಇನ್ನಷ್ಟು ತಗ್ಗಿಸಿ ಹೇಳಿದ: “ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ ತಮ್ಮಾ. ನಾನೂ ಒಬ್ಬ ಹೆಣ್ಣು ಮಗುವಿನ ತಂದೆ.”

ತರುಣ ಮೇಜಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಜನ ಕಿಸಕ್ಕನೆ ನಕ್ಕರು. ಉಳಿದ ಹೊತ್ತೆಲ್ಲ ಬದಲಿ ಬೆಕ್ಕು ಇಲಿಯನ್ನು ಆಡಿಸಿದಂತೆ ಅವನನ್ನು ಆಡಿಸಿದ. ತರುಣ ಎದ್ದು ಹೋದಾಗ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಇವನಿಗೆ ಬಹಳ ಖುಷಿಯಾಗಿತ್ತು, ಬೆಳಗಿನಿಂದ ಖಾಲಿ ಇದ್ದ ಹೊಟ್ಟೆ ಕೂಡ ನೆನಪಾಗಲಿಲ್ಲ.

ಆಮೇಲೆ ಮಗಳು ಬಂದು ಅಕ್ಕನ ಕುರ್ಚಿಯಲ್ಲಿ ಕೂತಳು. ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಬದಲಿ ಪಾದವನ್ನು ಕುರ್ಚಿಯ ಕಾಲಿಗೆ ಸಿಕ್ಕಿಸಿಕೊಂಡು, ಕಣ್ಣಲ್ಲೇ ಧೈರ್ಯ ಹೇಳಿದ.

“ಮಂತ್ರಿಗಳೇ, ಆ ವರದಿ ನಿಮಗೆ ತಲುಪಲಿಲ್ಲ ಅಂತೀರಿ.”

“ತಲುಪಿದ್ರೆ ನಾನು ಸುಮ್ಮನೆ ಕೂರ್ತಿದ್ನಾ?”

“ತಲುಪಿಸಬೇಕಾಗಿದ್ದವರು ಯಾರು?”

“ಕೆಳಗಿನವರು ಒಬ್ಬರು. ಅವರ ಮೇಲೆ ಕ್ರಮ ಆಗಿದೆ.”

“ಕ್ರಮ ಅಂದ್ರೆ?”

“ಮನೆಗೆ ಕಳಿಸಿದ್ದೀವಿ.”

“ಆಮೇಲೆ ಅವರು ಏನಾದ್ರು ಅಂತ ಯಾವತ್ತಾದ್ರೂ ವಿಚಾರಿಸಿದ್ರಾ?”

ಭೇಷ್ ಎಂದುಕೊಂಡ ಬದಲಿ. ಇದೇ ಹೊತ್ತು. ಉಗುಳು ನುಂಗಿ, ನಡುಗುವ ಕೈಯನ್ನು ಲೋಟದ ಕಡೆಗೆ ಚಾಚಿದ. ಆಗ ಮಗಳು ಮುಂದಕ್ಕೆ ಬಾಗಿ ಲೋಟವನ್ನು ಅವನ ಕೈಯ ಹತ್ತಿರಕ್ಕೆ ತಳ್ಳಿದಳು. ಆ ಸ್ಟುಡಿಯೋದಲ್ಲಿ ಯಾರೂ ಯಾವತ್ತೂ ಮಾಡದ ಕೆಲಸ ಅದು.

“ಕುಡಿ ಅಪ್ಪ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು.”

“ನಿನ್ನ ಪರೀಕ್ಷೆ ಮುಗೀಲಿ ಅಂತ…” ಎಂದ ಅವನು. ಎಂದ ಮೇಲೆ ಹೊಳೆಯಿತು, ಮಂತ್ರಿ ಹೀಗೆ ಹೇಳುವುದಿಲ್ಲವಲ್ಲ ಎಂದು. ಪಾದ ಕುರ್ಚಿಯ ಕಾಲಿನಿಂದ ಜಾರಿತ್ತು.

“ಅಮ್ಮ ಹೋದ ದಿನವೂ ನೀನು ಏನೂ ತಿಂದಿರಲಿಲ್ಲ. ಈ ಕೋಟಲ್ಲೇ ಆಸ್ಪತ್ರೆಗೆ ಬಂದಿದ್ದೆ. ಕರವಸ್ತ್ರ ತೆಗೆದು ನನ್ನ ಮೂಗು ಒರೆಸಿದ್ದೆ. ನೆನಪಿದೆಯಾ?”

“ಹೂಂ.”

“ಗೇಟಿನ ಅಜ್ಜ ಸಿಕ್ಕಿದ್ರು ಅಪ್ಪ. ಬಸ್ ನಿಲ್ದಾಣದ ಶೌಚಾಲಯದ ಮುಂದೆ ಚಿಲ್ಲರೆ ತಗೊಳ್ಳೋಕೆ ಕೂರ್ತಾರೆ. ಒಂದು ಕಣ್ಣು ಕಾಣಲ್ಲ. ನೀನು ಚೆನ್ನಾಗಿದ್ದೀಯಾ ಅಂತ ಕೇಳಿದ್ರು.”

ಅಷ್ಟು ಹೇಳಿ ಅವಳು ಸುಮ್ಮನಾದಳು. ಪ್ರಶ್ನೆ ಎನ್ನುವುದನ್ನು ಅವಳು ಕೇಳಲೇ ಇಲ್ಲ.

ಮೌನದ ಈ ವಿದ್ಯೆ ಅವನಿಗೆ ಹೊಸದಲ್ಲ. ಇದಕ್ಕೆ ಬಾಯಿಬಿಡದೆ ಇರುವುದು ಹೇಗೆಂದು ಅವನಷ್ಟು ಬಲ್ಲವರು ಇರಲಿಲ್ಲ. ಮಂತ್ರಿಯನ್ನು ನೆನೆಸಿಕೊಳ್ಳಬೇಕು, ಮುಖವನ್ನು ಮಂತ್ರಿಗೆ ಬಿಟ್ಟುಕೊಟ್ಟು ತಾನು ಹಿಂದೆ ಅವಿತುಕೊಳ್ಳಬೇಕು. ಹುಡುಕಿದ. ಯಾವ ಮಂತ್ರಿಯೂ ಸಿಗಲಿಲ್ಲ. ವಿಷಯ ತಲುಪಲಿಲ್ಲ ಎಂಬ ವಾಕ್ಯ ಮಾತ್ರ ನಾಲಿಗೆಯ ತುದಿಯಲ್ಲಿ ಇತ್ತು. ಮಗಳು ತಲೆಯನ್ನು ಒಂದು ಕಡೆಗೆ ವಾಲಿಸಿ ನೋಡುತ್ತಿದ್ದಳು, ಕಸದ ಬುಟ್ಟಿ ಕೈಗೆ ಕೊಡುವಾಗ ಅವಳಮ್ಮ ನೋಡುತ್ತಿದ್ದ ಹಾಗೆಯೇ. ಕುರ್ಚಿ ಕಿರ್ ಎಂದಿತು. ಎಲ್ಲರಿಗೂ ಕೇಳಿಸಿತು.

“ಉತ್ತರ ಚೆನ್ನಾಗಿ ಬರ್ತಾ ಇತ್ತು ಮಗಳೇ” ಎಂದ.

“ಆಮೇಲೆ?”

“ಅಜ್ಜ ಬಂದು ಕಿವೀಲಿ ಹೇಳಿದ್ರು. ಮುಗಿಸಿ ಹೋಗೋಣ ಅಂದ್ಕೊಂಡೆ.”

“ಆಮೇಲೆ?”

“ಅಕ್ಕ ನಗ್ತಾ ಇದ್ರು. ಅವರು ಅಲ್ಲೀವರೆಗೆ ನನ್ನ ಮಾತಿಗೆ ನಕ್ಕಿರಲಿಲ್ಲ. ಇನ್ನೊಂದು ಸಲ ನಗಿಸೋಣ ಅನ್ನಿಸ್ತು.”

“ಆಮೇಲೆ?”

“ಆಮೇಲೆ ಇನ್ನೊಂದು ಉತ್ತರ ಹೇಳಿದೆ.” ಅವನ ಬಾಯಿ ವಕ್ರವಾಯಿತು, ಮೂಗಿನಿಂದ ನೀರು ಇಳಿಯಿತು. ಕೋಟಿನ ಜೇಬು ತಡಕಾಡಿದ, ಕರವಸ್ತ್ರ ಇರಲಿಲ್ಲ. “ಗ್ಯಾಸು ಅಂದ್ಕೊಂಡೆ ಮಗಳೇ. ದೇವರಾಣೆ ಗ್ಯಾಸು ಅಂದ್ಕೊಂಡೆ.”

“ಅಜ್ಜನ ಕೆಲಸ ತೆಗೆಸಿದಾಗ್ಲೂ ಗ್ಯಾಸು ಅಂದ್ಕೊಂಡಿದ್ದಾ?”

ಅವನು ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡ. ಮಗಳು ಕಾದಳು. ಸಾಕಷ್ಟು ಹೊತ್ತು ಕಾದಳು, ಬೇಕಾದ್ದಕ್ಕಿಂತ ಹೆಚ್ಚೇ. ವೈರು ಹಿಡಿದುಕೊಂಡವರು ನೆಲ ನೋಡತೊಡಗಿದರು, ಲೈಟಿನವನು ಮುಖ ತಿರುಗಿಸಿಕೊಂಡ. ಅವಳ ಕಣ್ಣು ಮಾತ್ರ ಅಪ್ಪನ ಮುಖ ಬಿಟ್ಟು ಕದಲಲಿಲ್ಲ, ಅದರಲ್ಲಿ ಒಂದು ಹನಿಯೂ ಇರಲಿಲ್ಲ. ಆಮೇಲೆ ಅವಳು ಕ್ಯಾಮೆರಾ ಕಡೆಗೆ ತಿರುಗಿ, “ನಮ್ಮ ಜೊತೆ ಮಾತಾಡಿದ್ದಕ್ಕೆ ಮಂತ್ರಿಗಳಿಗೆ ವಂದನೆ” ಎಂದು ಸಂದರ್ಶನ ಮುಗಿಸಿದಳು.

“ಲೈಟ್ ಆರಿಸಿ” ಎಂದಳು ಅಕ್ಕ. ಸ್ಟೂಲಿನಿಂದ ಇಳಿದು ಬಂದು ಮಗಳ ಹೆಗಲ ಮೇಲೆ ಕೈ ಇಟ್ಟಳು. “ಕುರ್ಚಿ ನಿನ್ನದು. ಲೋಟ ಹತ್ತಿರ ತಳ್ಳಿದ್ಯಲ್ಲ, ಅದು ನನಗೂ ಹೊಳೆದಿರಲಿಲ್ಲ. ಯಾರು ಹೇಳಿಕೊಟ್ರು?”

“ಅಪ್ಪ” ಎಂದಳು ಮಗಳು. “ಗುದ್ದಬಾರದು, ಸವರಬೇಕು ಅಂದಿದ್ರು.”

ಎಲ್ಲರೂ ಹೋದ ಮೇಲೆ ಬದಲಿ ಮೇಕಪ್ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತಿದ್ದ. ಅಕ್ಕ ಒಳಗೆ ಬಂದು ತನ್ನ ಮುಖದ ಬಣ್ಣವನ್ನು ಹತ್ತಿಯಿಂದ ಒರೆಸಿಕೊಳ್ಳತೊಡಗಿದಳು.

“ನಿಮಗೆ ಗೊತ್ತಿತ್ತು” ಎಂದ ಬದಲಿ.

“ಎದುರಿಗೇ ಕೂತಿದ್ನಲ್ಲ. ಅಜ್ಜ ಬಗ್ಗಿ ಹೇಳಿದ್ದೂ ನೋಡ್ದೆ, ನೀವು ತಲೆ ಆಡಿಸಿದ್ದೂ ನೋಡ್ದೆ.”

“ಹಾಗಾದ್ರೆ ಅಜ್ಜನ್ನ ತೆಗೆದಾಗ ಯಾಕೆ ಸುಮ್ಮನಿದ್ರಿ? ಅವತ್ತೇ ಯಾಕೆ ನನ್ನ ಕಪಾಳಕ್ಕೆ ಹೊಡೀಲಿಲ್ಲ?”

ಅಕ್ಕ ಹತ್ತಿಯನ್ನು ಬುಟ್ಟಿಗೆ ಎಸೆದಳು. “ಅವತ್ತಿನವರೆಗೆ ನೀವು ಸುಮಾರಾದ ಬದಲಿ. ಒಳ್ಳೆ ತಮಾಷೆ ಮಾಡ್ತಿದ್ರಿ, ಅಷ್ಟೇ. ಆ ದಿನ ಕಳೆದ ಮೇಲೆ ನಿಮ್ಮ ಸುಳ್ಳಿಗೆ ಒಂದು ತೂಕ ಬಂತು. ನಿಜವಾದ ಮಂತ್ರಿಗಳು ಹಾಗೇ ಹೇಳೋದು, ಹೆಣದ ಪಕ್ಕ ನಿಂತವರ ಹಾಗೆ. ನನಗೆ ಅಂಥವ್ರೇ ಬೇಕಾಗಿತ್ತು.” ಮಳೆ ಬರುವ ಹಾಗಿದೆ ಎನ್ನುವಷ್ಟೇ ಸಲೀಸಾಗಿ ಸೇರಿಸಿದಳು: “ಈಗ ನೀವು ಬಾಯಿ ಬಿಟ್ಟಾಯ್ತು. ಇನ್ನು ನಿಮ್ಮಿಂದ ಉಪಯೋಗ ಇಲ್ಲ. ಕೋಟು ಮೊಳೆಗೆ ಹಾಕಿ ಹೋಗಿ.”

ಮಗಳು ಅಜ್ಜನನ್ನು ಮತ್ತೆ ಕೆಲಸಕ್ಕೆ ತಗೊಳ್ಳಿ ಎಂದು ಕೇಳಿದಳಂತೆ. ಗೇಟಿಗೆ ಈಗ ಯಂತ್ರ ಹಾಕಿದ್ದೀವಲ್ಲಮ್ಮ ಎಂದರಂತೆ ಆಫೀಸಿನವರು. ಬದಲಿ ಒಂದು ದಿನ ಬಸ್ ನಿಲ್ದಾಣಕ್ಕೆ ಹೋದ. ಅಜ್ಜನ ಮುಂದೆ ಹೋಗಿ ನಿಂತ. ಕಣ್ಣು ಸರಿಯಾಗಿ ಕಾಣದ ಮುದುಕ, “ಒಳಗೆ ಹೋಗ್ಬೇಕಾದ್ರೆ ಚಿಲ್ಲರೆ ಹಾಕಿ, ಹಿಂದೆ ಜನ ನಿಂತಿದ್ದಾರೆ” ಎಂದ. ಇವನು ಚಿಲ್ಲರೆ ಹಾಕಿ ಶೌಚಾಲಯದ ಒಳಗೆ ಹೋಗಿ, ಗೋಡೆ ನೋಡುತ್ತಾ ಸ್ವಲ್ಪ ಹೊತ್ತು ನಿಂತು ಹೊರಗೆ ಬಂದ.

ಮನೆಯಲ್ಲಿ ಮಗಳು ಅವನ ಜೊತೆ ಮಾತು ಬಿಟ್ಟಳು. ಬಯ್ಯಲಿಲ್ಲ, ಅಳಲಿಲ್ಲ, ಮನೆ ಬಿಟ್ಟು ಹೋಗಲೂ ಇಲ್ಲ. ತಟ್ಟೆ ಇಡುತ್ತಿದ್ದಳು, ಅವನ ಬಟ್ಟೆ ಒಗೆದು ಮಡಚಿಡುತ್ತಿದ್ದಳು, ತುಟಿ ಮಾತ್ರ ಪಿಟಿಕ್ ಎನ್ನುತ್ತಿರಲಿಲ್ಲ. ಅವನು ಏನಾದರೂ ಕೇಳಿದರೆ ಗೋಡೆ ಕೇಳಿಸಿಕೊಳ್ಳುತ್ತಿತ್ತು. ಒಂದು ಸಂಜೆ ತಡೆಯಲಾರದೆ ಅವಳ ಕಾಲ ಹತ್ತಿರ ಕೂತು, “ಒಂದು ಸಲ ಬೈದುಬಿಡು ಮಗಳೇ” ಎಂದ. ಅವಳು ಅವನನ್ನು ದಾಟಿಕೊಂಡು ಹೋಗಿ ದೀಪ ಹಾಕಿದಳು.

ಹೀಗಿರುವಾಗ ಕೇಂದ್ರದಿಂದ ಕರೆ ಬಂತು. ಹೊಸ ಸಂದರ್ಶಕಿಯ ಮೊದಲ ಕಾರ್ಯಕ್ರಮ, ಹಣಕಾಸು ಮಂತ್ರಿ ಬರುತ್ತಾರೆ, ತಾಲೀಮಿಗೆ ಬದಲಿ ಬೇಕು. ಬೇರೆ ಜನ ನೋಡೋಣ ಎಂದರೆ ಅವಳು ಒಪ್ಪುತ್ತಿಲ್ಲ, ಅವಳಿಗೆ ಇವನೇ ಬೇಕಂತೆ. ಫೋನ್ ಮಾಡಿದ ಲೈಟಿನವನು, “ಬರೋಕೆ ಮನಸ್ಸಿಲ್ಲ ಅಂದ್ರೆ ಹೇಳ್ಬಿಡಿ ಅಣ್ಣ, ನಾನು ಏನಾದ್ರೂ ಹೇಳ್ಕೋತೀನಿ” ಎಂದ. ಒಳ್ಳೆಯ ಮನುಷ್ಯ. ಬದಲಿ ಆಗಲೇ ಅಂಗಿ ಬದಲಾಯಿಸುತ್ತಿದ್ದ.

ಕೋಟು ಮೊಳೆಯ ಮೇಲೇ ಇತ್ತು. ತೊಟ್ಟು ಕೂತ. ಮಗಳು ಬಂದು ಎದುರಿಗೆ ಕೂತಳು. ಲೋಟ ಮತ್ತೆ ಎಟುಕದ ದೂರಕ್ಕೆ ಹೋಗಿತ್ತು.

“ಮಂತ್ರಿಗಳೇ, ಬೆಲೆ ಏರಿಕೆಗೆ ನೀವು ಏನು ಹೇಳ್ತೀರಾ?”

ಎಷ್ಟೋ ದಿನಗಳ ಮೇಲೆ ಅವಳ ದನಿ ತನ್ನ ಕಡೆಗೆ ಬಂದದ್ದು ಕೇಳಿ ಅವನು ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡ. ಹೇಗೋ ಸುಧಾರಿಸಿಕೊಂಡು ಹಣಕಾಸು ಮಂತ್ರಿಯಾದ. ಅವಳು ಕೇಳಿದಳು, ಅವನು ಹೇಳಿದ, ಮತ್ತೆ ಕೇಳಿದಳು. ಒಂದು ಪ್ರಶ್ನೆ ಮುಗಿಯುವಷ್ಟರಲ್ಲಿ ಅವನು ಇನ್ನೊಂದಕ್ಕೆ ಹಸಿದು ಕೂರುತ್ತಿದ್ದ. ಮನೆಗೆ ಹೋದರೆ ಮತ್ತೆ ಗೋಡೆ ಎಂಬುದು ಅವನಿಗೆ ಗೊತ್ತಿತ್ತು, ಅದಕ್ಕೇ ಉತ್ತರಗಳನ್ನು ಆದಷ್ಟು ಎಳೆದ, ಬೇಕೆಂದೇ ಕೆಲವು ಸುಳ್ಳುಗಳನ್ನು ದಡ್ಡತನದಿಂದ ಹೇಳಿ ಅವಳು ಕೆದಕುವಂತೆ ಮಾಡಿದ. ಅವಳು ಒಂದನ್ನೂ ಬಿಡದೆ ಕೆದಕಿದಳು. ಅವಳ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ, ಅದನ್ನು ಅಕ್ಕನೂ ಆಮೇಲೆ ಒಪ್ಪಿಕೊಂಡಳು.

ನಡುವೆ ಒಮ್ಮೆ ಅವಳು ಪ್ರಶ್ನೆ ನಿಲ್ಲಿಸಿ ಕಾಯತೊಡಗಿದಳು. ಆ ಮೌನದಲ್ಲಿ ಅವನಿಗೆ ಅವಳ ಕಣ್ಣಿನ ಕೆಳಗಿನ ಕಪ್ಪು ಕಂಡಿತು. ತಾನು ಮಂತ್ರಿ ಎಂಬುದು ಮರೆತುಹೋಯಿತು.

“ಊಟ ಮಾಡಿದ್ಯಾ ಮಗಳೇ?” ಎಂದ, ಮೆಲ್ಲಗೆ.

ಅವಳು ತಲೆಯನ್ನು ಒಂದು ಕಡೆಗೆ ವಾಲಿಸಿದಳು.

“ಇಲ್ಲಿ ಪ್ರಶ್ನೆ ಕೇಳೋದು ನಾನು.”

ಅವನು ಪಾದವನ್ನು ಕುರ್ಚಿಯ ಕಾಲಿಗೆ ಸಿಕ್ಕಿಸಿಕೊಂಡು, ಮುಂದಿನ ಪ್ರಶ್ನೆ ಬರಲಿ ಎಂದು ಕಾದ.